ಕಡಿವಾಣ ಮತ್ತು ಜೋಡಿ ವಾಘೆ: ಅಶ್ವನಿಯಂತ್ರಣದ ಇತಿಹಾಸದ ಒಂದು ಅಂಶ

ಯುದ್ಧಗಳ ಚರಿತ್ರೆಯನ್ನು ಬರೆಯುವಾಗ ನಾವು ಕುದುರೆಗಳ ಸಂಖ್ಯೆಯನ್ನು ಎಣಿಸುತ್ತೇವೆ. ಅವುಗಳ ತಳಿಯನ್ನೂ ಬೆಲೆಯನ್ನೂ ವಿಚಾರಿಸುತ್ತೇವೆ. ಆದರೆ ಸವಾರನು ಆ ಪ್ರಾಣಿಯನ್ನು ಯಾವ ಸಾಧನದಿಂದ ಹತೋಟಿಯಲ್ಲಿಟ್ಟುಕೊಂಡಿದ್ದನೆಂಬ ಪ್ರಶ್ನೆಯನ್ನು ಕೇಳುವುದು ವಿರಳ. ಸವಾರಿಯ ಕುದುರೆಯ ತೂಕ ಸಾಮಾನ್ಯವಾಗಿ 450ರಿಂದ 500 ಕಿಲೋಗ್ರಾಂ; ಸವಾರನದು ಅದರ ಏಳನೆಯ ಒಂದು ಭಾಗದಷ್ಟು. ಇವರಿಬ್ಬರ ನಡುವೆ ಬರಿಯ ಬಲದ ಸ್ಪರ್ಧೆ ನಡೆದರೆ ಗೆಲ್ಲುವವರು ಯಾರೆಂಬುದನ್ನು ಹೇಳಬೇಕಾಗಿಲ್ಲ. ಹೀಗಿರಲು ಬಲಿಷ್ಠವಾದ ಕುದುರೆಗೆ ಹೆಚ್ಚು ಕಠಿನವಾದ ಕಡಿವಾಣವನ್ನೂ ಎರಡು ಜೊತೆ ವಾಘೆಗಳನ್ನೂ ತೊಡಿಸುವ ಪದ್ಧತಿ ಹೇಗೆ ಹುಟ್ಟಿತು, ಅದು ಮಾಡುವ ಕೆಲಸವೇನು, ಅದರಿಂದ ಇತಿಹಾಸಕಾರನು ಏನನ್ನು ಊಹಿಸಬಹುದು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸುತ್ತೇವೆ.

ಮೊದಲು ಶಬ್ದಗಳ ವಿಷಯ. ಕುದುರೆಯ ಬಾಯೊಳಗೆ ಇರುವ ಲೋಹದ ತುಂಡನ್ನು ಕಡಿವಾಣವೆಂದೂ ಅದರಿಂದ ಸವಾರನ ಕೈಗೆ ಬರುವ ಪಟ್ಟಿಯನ್ನು ವಾಘೆಯೆಂದೂ ಇಲ್ಲಿ ಕರೆದಿದ್ದೇವೆ. ಲಗಾಮು ಎಂಬುದು ಪಾರಸಿಯಿಂದ ಬಂದ ಮಾತು. ಕಡಿವಾಣಕ್ಕೆ ಸಂಸ್ಕೃತದಲ್ಲಿರುವ ಖಲೀನವೆಂಬ ಶಬ್ದವು ಗ್ರೀಕ್ ಭಾಷೆಯ ಖಲಿನೋಸ್ ಎಂಬುದರಿಂದ ಬಂದುದೆಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಕುದುರೆಯೊಡನೆ ಅದರ ಸಾಧನಗಳೂ, ಸಾಧನಗಳೊಡನೆ ಅವುಗಳ ಹೆಸರುಗಳೂ ದೇಶದಿಂದ ದೇಶಕ್ಕೆ ಸಂಚರಿಸಿದುದಕ್ಕೆ ಇದೊಂದು ನಿದರ್ಶನ.

ಕುದುರೆಯ ಕೆಳದವಡೆಯಲ್ಲಿ ಮುಂಬಲ್ಲುಗಳಿಗೂ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಂದು ಎಡೆಯಿದೆ. ಅಲ್ಲಿ ಎಲುಬಿನ ಅಂಚನ್ನು ತೆಳುವಾದ ಒಸಡು ಮಾತ್ರ ಮುಚ್ಚಿರುತ್ತದೆ. ಕಡಿವಾಣವು ನೆಲಸುವುದು ಈ ಸೂಕ್ಷ್ಮವಾದ ಸ್ಥಳದಲ್ಲಿ. ಕಡಿವಾಣಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಸರಳ ಕಡಿವಾಣ. ಇಂಗ್ಲಿಷರು ಇದನ್ನು ಸ್ನ್ಯಾಫಲ್ ಎನ್ನುತ್ತಾರೆ. ಇದರಲ್ಲಿ ವಾಘೆಯು ಬಾಯಿಯ ಪಕ್ಕದ ಬಳೆಗೇ ಸೇರಿರುವುದರಿಂದ ಕೈ ಎಷ್ಟು ಎಳೆಯುತ್ತದೆಯೋ ಬಾಯಿಗೆ ಅಷ್ಟೇ ಎಳೆತ ಮುಟ್ಟುತ್ತದೆ. ಎರಡನೆಯದು ಕರ್ಬ್ ಎಂಬ ಸನ್ನೆ ಕಡಿವಾಣ. ಇದರ ಎರಡು ಪಕ್ಕಗಳಲ್ಲಿಯೂ ಉದ್ದವಾದ ಸರಳುಗಳಿದ್ದು ಅವುಗಳ ಕೆಳತುದಿಗೆ ವಾಘೆಯೂ, ಮೇಲ್ತುದಿಗೆ ಗದ್ದದ ಹಿಂದೆ ಹಾಯುವ ಸರಪಣಿಯೂ ಸೇರಿರುತ್ತವೆ. ವಾಘೆಯನ್ನು ಎಳೆದಾಗ ಸರಳು ಸನ್ನೆಕೋಲಿನಂತೆ ತಿರುಗಿ, ದವಡೆಯು ಕಡಿವಾಣಕ್ಕೂ ಸರಪಣಿಗೂ ನಡುವೆ ಸಿಲುಕುತ್ತದೆ. ಉದಾಹರಣೆಗೆ ಸರಳಿನ ಮೇಲ್ಭಾಗ 5 ಸೆಂಟಿಮೀಟರ್, ಕೆಳಭಾಗ 10 ಸೆಂಟಿಮೀಟರ್ ಇದ್ದರೆ, ಕೈಯ ಎಳೆತದ ಎರಡರಷ್ಟು ಬಲ ಗದ್ದದ ಮೇಲೂ ಮೂರರಷ್ಟು ಬಲ ಒಸಡಿನ ಮೇಲೂ ಬೀಳುತ್ತದೆ. ಸರಳು ಉದ್ದವಾದಷ್ಟೂ ಈ ಪ್ರಮಾಣ ಏರುತ್ತದೆ.

ಈ ಎರಡು ಕಡಿವಾಣಗಳನ್ನೂ ಒಟ್ಟಿಗೆ ತೊಡಿಸಿ, ಒಂದೊಂದಕ್ಕೂ ಪ್ರತ್ಯೇಕವಾದ ವಾಘೆಯನ್ನು ಕಟ್ಟುವುದೇ ಜೋಡಿ ಕಡಿವಾಣ. ಸವಾರನ ಪ್ರತಿಯೊಂದು ಕೈಯಲ್ಲಿಯೂ ಆಗ ಎರಡು ವಾಘೆಗಳಿರುತ್ತವೆ. ಅವುಗಳನ್ನು ಸಾಮಾನ್ಯವಾಗಿ ಕಿರುಬೆರಳಿನಿಂದ ಬೇರ್ಪಡಿಸಿ ಹಿಡಿಯುತ್ತಾರೆ. ಪೆಲ್ಹಮ್ ಎಂಬ ಇನ್ನೊಂದು ರೀತಿಯಲ್ಲಿ ಕಡಿವಾಣ ಒಂದೇ. ವಾಘೆಗಳು ಮಾತ್ರ ಎರಡು ಜೊತೆ. ಎರಡು ವಾಘೆಗಳೆಂದರೆ ಇಮ್ಮಡಿ ಬಲವೆಂದು ಭಾವಿಸುವುದು ಸಹಜ. ಆದರೆ ಇವುಗಳ ಉದ್ದೇಶ ಬಲವನ್ನು ಇಮ್ಮಡಿಸುವುದಲ್ಲ, ವಿಂಗಡಿಸುವುದು. ದಿನದ ಬಹುಪಾಲು ಕೆಲಸ ಸರಳ ವಾಘೆಯಿಂದಲೇ ಸಾಗುತ್ತದೆ: ತಿರುಗಿಸುವುದು, ತಲೆಯೆತ್ತಿಸುವುದು, ವೇಗವನ್ನು ಸರಿಪಡಿಸುವುದು. ಸನ್ನೆ ವಾಘೆಯು ಸಡಿಲವಾಗಿದ್ದು, ಅಗತ್ಯ ಬಿದ್ದಾಗ ಮಾತ್ರ ಬೆರಳಿನ ಅಲ್ಪ ಚಲನೆಯಿಂದ ಕುತ್ತಿಗೆಯನ್ನು ಬಾಗಿಸಲು ಸೂಚನೆ ಕೊಡುತ್ತದೆ. ಒಂದೇ ಕಡಿವಾಣವಿದ್ದಾಗ ಸೂಚನೆಗೂ ಶಿಕ್ಷೆಗೂ ಒಂದೇ ದಾರಿ. ಎರಡಿದ್ದಾಗ ಅವುಗಳನ್ನು ಬೇರೆಯಾಗಿಡಬಹುದು.

ಈ ಪ್ರಶ್ನೆಯ ಚರ್ಚೆ ಬಹು ಪುರಾತನವಾದುದು. ಕ್ರಿ. ಪೂ. 4ನೆಯ ಶತಮಾನದ ಗ್ರೀಕ್ ಲೇಖಕ ಝೆನೊಫನ್ ಸ್ವತಃ ಅಶ್ವಸೈನ್ಯದಲ್ಲಿ ಅನುಭವವುಳ್ಳವನು. ಅಶ್ವಾರೋಹಣವನ್ನು ಕುರಿತ ತನ್ನ ಗ್ರಂಥದಲ್ಲಿ ಅವನು ನಯವಾದ ಕಡಿವಾಣವೊಂದನ್ನೂ ಮುಳ್ಳುಳ್ಳ ಒರಟು ಕಡಿವಾಣವೊಂದನ್ನೂ ಇಟ್ಟುಕೊಳ್ಳಬೇಕೆಂದು ಹೇಳುತ್ತಾನೆ. ಆದರೆ ಕೆಚ್ಚಿನ ಕುದುರೆಗೆ ಒರಟಿಗಿಂತ ನಯವಾದುದೇ ಮೇಲೆಂದೂ, ಒರಟನ್ನು ಹಾಕಿದರೆ ಕೈಯ ಹಗುರದಿಂದ ಅದನ್ನು ನಯವಾಗಿಸಬೇಕೆಂದೂ ಅವನ ಮತ. ಬಲವಾದ ಕುದುರೆಗೆ ಬಲವಾದ ಕಡಿವಾಣವೆಂಬ ಸುಲಭ ಸೂತ್ರವನ್ನು ಅವನು ಆಗಲೇ ಒಪ್ಪಿರಲಿಲ್ಲವೆಂಬುದು ಗಮನಾರ್ಹ.

ಸನ್ನೆ ಕಡಿವಾಣವು ಯೂರೋಪಿನಲ್ಲಿ ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ ಕೆಲ್ಟರೇ ಮೊದಲಾದ ಜನಗಳಲ್ಲಿ ಕಾಣಿಸಿಕೊಂಡು, ರೋಮನರಿಗೂ ತಿಳಿದಿತ್ತು. ಮಧ್ಯಯುಗದ ಕವಚಧಾರಿ ಯೋಧನ ಕಾಲದಲ್ಲಿ ಇದರ ಸರಳುಗಳು ಬಹಳ ಉದ್ದವಾದುವು. ಒಂದು ಕೈಯಲ್ಲಿ ಆಯುಧವನ್ನು ಹಿಡಿದವನಿಗೆ ವಾಘೆಗಾಗಿ ಉಳಿಯುವುದು ಒಂದೇ ಕೈ. ಅದರಲ್ಲಿಯೂ ಗುರಾಣಿ ಇರುತ್ತಿತ್ತು. ಅಲ್ಪ ಚಲನೆಯಿಂದ ದೊಡ್ಡ ಫಲವನ್ನು ಪಡೆಯುವುದು ಅವನಿಗೆ ಅನಿವಾರ್ಯವಾಯಿತು. 1550ರಲ್ಲಿ ನೇಪಲ್ಸಿನ ಫೆಡೆರಿಕೊ ಗ್ರಿಸೊನೆ ಪ್ರಕಟಿಸಿದ ಗ್ರಂಥದಲ್ಲಿ ಬಗೆಬಗೆಯ ಕಡಿವಾಣಗಳ ಚಿತ್ರಗಳೊಡನೆ ಹಠಮಾರಿ ಕುದುರೆಯನ್ನು ದಂಡಿಸುವ ಕಠೋರ ಉಪಾಯಗಳೂ ಇವೆ. ಫ್ರಾನ್ಸಿನ ರಾಜ 13ನೆಯ ಲೂಯಿಯ ಸವಾರಿಗುರುವಾಗಿದ್ದ ಪ್ಲುವಿನೆಲ್ ಇದಕ್ಕೆ ಭಿನ್ನವಾಗಿ ತಾಳ್ಮೆಯ ಮಾರ್ಗವನ್ನು ಬೋಧಿಸಿದನು. ಅವನ ಗ್ರಂಥ ಅವನ ಮರಣಾನಂತರ 1623ರಲ್ಲಿ ಹೊರಬಂದಿತು. 1733ರಲ್ಲಿ ಲಾ ಗೆರಿನಿಯೇರ್ ಪ್ರಕಟಿಸಿದ ಗ್ರಂಥದಲ್ಲಿ ಕುದುರೆಯ ಅಂಗಗಳನ್ನು ಕ್ರಮವಾಗಿ ಸಡಿಲಗೊಳಿಸುವ ಅಭ್ಯಾಸಗಳಿಗೆ ಪ್ರಾಧಾನ್ಯ ದೊರೆಯಿತು. ನಿಯಂತ್ರಣದ ಭಾರವು ಹೀಗೆ ಲೋಹದಿಂದ ಶಿಕ್ಷಣದ ಕಡೆಗೆ ಸರಿಯಿತು.

ಈ ಪರಿವರ್ತನೆಗೆ ಬಲವಾದ ಕಾರಣವಿದೆ. ಕುದುರೆಯು ಓಟದಿಂದ ಪ್ರಾಣವನ್ನು ಉಳಿಸಿಕೊಳ್ಳುವ ಪ್ರಾಣಿ. ಬಾಯಿ ನೊಂದರೆ ಅದು ನಿಲ್ಲುವುದೆಂಬ ನಿಶ್ಚಯವಿಲ್ಲ; ನೋವಿನಿಂದ ತಪ್ಪಿಸಿಕೊಳ್ಳಲು ಮತ್ತಷ್ಟು ಓಡಬಹುದು, ತಲೆಯನ್ನು ಮೇಲಕ್ಕೆ ಒಗೆಯಬಹುದು, ಗದ್ದವನ್ನು ಎದೆಗೆ ಒತ್ತಿಕೊಂಡು ಕಡಿವಾಣವನ್ನು ವ್ಯರ್ಥಗೊಳಿಸಬಹುದು. ಆಗ ಸವಾರನು ಇನ್ನೂ ಕಠಿನವಾದುದನ್ನು ಹುಡುಕುತ್ತಾನೆ. ಈ ಸರಪಳಿಗೆ ಕೊನೆಯಿಲ್ಲ. ಕುದುರೆ ಎಳೆಯುವುದಕ್ಕೆ ಹಲ್ಲಿನ ಬೇನೆ, ಹೊಂದದ ಜೀನು, ಭಯ, ಅರೆಕಲಿಕೆ ಇವೆಲ್ಲವೂ ಕಾರಣಗಳಾಗಬಹುದು. ಇವುಗಳಲ್ಲಿ ಯಾವುದನ್ನೂ ಕಡಿವಾಣ ಗುಣಪಡಿಸಲಾರದು. ನಯವಾದ ಕಡಿವಾಣಗಳೂ ನಿರಪಾಯವೆನ್ನುವಂತಿಲ್ಲ. ಫಿನ್ಲೆಂಡಿನಲ್ಲಿ ಗಾಡಿಯೋಟದ 261 ಕುದುರೆಗಳನ್ನು ಪಂದ್ಯದ ನಂತರ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೂರಕ್ಕೆ 84ರಷ್ಟು ಕುದುರೆಗಳ ಬಾಯಲ್ಲಿ ಕಡಿವಾಣದ ಎಡೆಯಲ್ಲಿ ಗಾಯಗಳು ಕಂಡುಬಂದುವು. ಶಿಕ್ಷಿತ ಅಶ್ವಗತಿಯ ಸ್ಪರ್ಧೆಗಳ ಮೇಲುಮಟ್ಟದಲ್ಲಿ ಜೋಡಿ ಕಡಿವಾಣ ಇಂದಿಗೂ ಬಳಕೆಯಲ್ಲಿದ್ದರೂ ಅದರ ಔಚಿತ್ಯವನ್ನು ಕುರಿತ ವಾದ ಮುಗಿದಿಲ್ಲ.

ಇತಿಹಾಸದ ವಿದ್ಯಾರ್ಥಿಗೆ ಇದರಿಂದ ಎರಡು ಎಚ್ಚರಿಕೆಗಳು ದೊರೆಯುತ್ತವೆ. ವಸ್ತುಸಂಗ್ರಹಾಲಯದಲ್ಲಿ ಉದ್ದವಾದ ಸರಳುಗಳ ಕಡಿವಾಣವನ್ನು ಕಂಡ ಮಾತ್ರಕ್ಕೆ ಅದರ ಒಡೆಯನು ಕ್ರೂರಿಯೆಂದು ತೀರ್ಮಾನಿಸಲಾಗದು. ಅದೇ ಸಾಧನವು ಹಗುರವಾದ ಕೈಯಲ್ಲಿ ಮೃದುವೂ ಒರಟು ಕೈಯಲ್ಲಿ ಘೋರವೂ ಆಗುತ್ತದೆ. ಕಬ್ಬಿಣ ಉಳಿದಿದೆ, ಕೈ ಉಳಿದಿಲ್ಲ. ಅಂತೆಯೇ ಕಠಿನ ಕಡಿವಾಣವು ಕುದುರೆಯ ಬಲಕ್ಕೆ ಸಾಕ್ಷಿಯೆಂದೂ ಹೇಳಲಾಗದು; ಸವಾರನ ಒಂದು ಕೈ ಆಯುಧಕ್ಕೆ ಮೀಸಲಾಗಿತ್ತೆಂಬುದಕ್ಕೆ ಮಾತ್ರ ಅದು ಸಾಕ್ಷಿಯಾಗಿರಬಹುದು. ಇವುಗಳನ್ನು ಬೇರ್ಪಡಿಸಲು ಚಿತ್ರ, ಶಿಲ್ಪ, ಗ್ರಂಥ, ಕುದುರೆಯ ಎಲುಬು ಇವುಗಳ ಸಾಕ್ಷ್ಯವನ್ನು ಕೂಡಿಸಿ ನೋಡಬೇಕು.

ನಮ್ಮ ನಾಡಿನಲ್ಲಿ ಇಂಥ ಸಾಮಗ್ರಿಗೆ ಕೊರತೆಯಿಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಕುದುರೆಗಳ ವಿಷಯ ನಿರೂಪಿತವಾಗಿದೆ. ವಿಜಯನಗರವು ಅರಬ್ಬೀ ಮತ್ತು ಪಾರಸಿಕ ಕುದುರೆಗಳನ್ನು ಸಮುದ್ರಮಾರ್ಗವಾಗಿ ತರಿಸಿಕೊಳ್ಳುತ್ತಿತ್ತು. ಹಂಪೆಯ ಮಹಾನವಮಿ ದಿಬ್ಬದ ಗೋಡೆಗಳಲ್ಲಿ ಕುದುರೆಗಳ ಸಾಲುಗಳೇ ಇವೆ. ಊರೂರಿನ ವೀರಗಲ್ಲುಗಳಲ್ಲಿ ರಾವುತರಿದ್ದಾರೆ. ಅವುಗಳ ಮುಂದೆ ನಿಂತಾಗ ನಾವು ಕೇಳಬೇಕಾದ ಪ್ರಶ್ನೆಗಳು ಸರಳವಾದುವು: ಬಾಯಿಯ ಪಕ್ಕದಲ್ಲಿ ಬಳೆಯಿದೆಯೊ, ಸರಳಿದೆಯೊ? ವಾಘೆ ಒಂದೊ, ಎರಡೊ? ಅದು ಬಿಗಿದಿದೆಯೊ, ಸಡಿಲವಾಗಿದೆಯೊ? ಸವಾರನ ಇನ್ನೊಂದು ಕೈಯಲ್ಲಿರುವುದೇನು? ಕುದುರೆಯ ಬಾಯಿ ತೆರೆದಿದೆಯೊ, ಮುಚ್ಚಿದೆಯೊ? ಶಿಲ್ಪಿಯು ಕಂಡದ್ದನ್ನು ಕಡೆದನೊ, ರೂಢಿಯನ್ನು ಅನುಸರಿಸಿದನೊ ಎಂಬ ಸಂದೇಹ ಇದ್ದೇ ಇರುತ್ತದೆ. ಆದರೂ ಒಂದು ತಾಲ್ಲೂಕಿನ ವೀರಗಲ್ಲುಗಳನ್ನಾದರೂ ಈ ದೃಷ್ಟಿಯಿಂದ ಪಟ್ಟಿಮಾಡಿದರೆ, ರೂಢಿ ಯಾವುದು, ಅದನ್ನು ಮೀರಿದ ಪ್ರತ್ಯಕ್ಷ ದರ್ಶನ ಯಾವುದು ಎಂಬುದು ತಾನಾಗಿಯೇ ಸ್ಪಷ್ಟವಾದೀತು. ನಮ್ಮ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಉಪಯುಕ್ತ ಕಾರ್ಯಗಳಲ್ಲಿ ಇದೂ ಒಂದೆಂದು ಭಾವಿಸುತ್ತೇವೆ.