ಗೋವೆಯಿಂದ ಹೊರಟ ಎರಡು ದಾರಿ

ಸ್ವರ್ಣಾ ನದಿಯ ದಂಡೆಯ ಕಲ್ಯಾಣಪುರದಲ್ಲಿ 1678ರಲ್ಲಿ ಸ್ಥಾಪನೆಗೊಂಡು, 2012ರಲ್ಲಿ ಉಡುಪಿ ಧರ್ಮಪ್ರಾಂತ್ಯವು ರೂಪುಗೊಂಡಾಗ ಕೆಥೆಡ್ರಲ್ ಎನಿಸಿಕೊಂಡ ಮಿಲಾಗ್ರಿಸ್ ಇಗರ್ಜಿಯು, ಗೋವೆಯನ್ನು ತೊರೆದು ಕರಾವಳಿಯುದ್ದಕ್ಕೂ ನೆಲೆನಿಂತ ಕೊಂಕಣಿ ಕ್ರೈಸ್ತರ ಚರಿತ್ರೆಗೆ ಕಣ್ಣೆದುರಿಗಿರುವ ಸಾಕ್ಷಿಯಾಗಿದೆ. ಅದೇ ಪೋರ್ಚುಗೀಸ್ ಗೋವೆಯಿಂದ ಇನ್ನೊಂದು ಜನವರ್ಗವೂ ಹೊರಬಿದ್ದಿತು. ಅವರು ಕಡಲಂಚನ್ನು ಹಿಡಿಯದೆ ಘಟ್ಟದ ಕಾಡನ್ನು ಹೊಕ್ಕರು. ಇಂದು ಯಲ್ಲಾಪುರ, ಹಳಿಯಾಳ, ಅಂಕೋಲಾ ಮುಂತಾದ ತಾಲ್ಲೂಕುಗಳಲ್ಲಿ ವಾಸಿಸುವ, ಮನೆಯಲ್ಲಿ ಕೊಂಕಣಿಯ ಒಂದು ಬಗೆಯನ್ನೇ ಆಡುವ, ಹಿಂದೂ, ಕ್ರೈಸ್ತ, ಮುಸ್ಲಿಂ ಎಂಬ ಮೂರು ಮತಗಳಲ್ಲಿ ಹಂಚಿಹೋದರೂ ತಾವೆಲ್ಲ ಒಂದೇ ಎಂದು ತಿಳಿಯುವ ಸಿದ್ದಿ ಜನರ ಪೂರ್ವಜರು ಅವರು. ಈ ಜನರ ಮೂಲ ಆಫ್ರಿಕಾ. ಅವರಲ್ಲಿ ಅನೇಕರ ಹಿರಿಯರನ್ನು ಮೊಜಾಂಬಿಕ್ ಕಡೆಯಿಂದ ಗುಲಾಮರನ್ನಾಗಿ ಹಡಗೇರಿಸಿ ಗೋವೆಗೆ ತರಲಾಗಿತ್ತು.

ಗುಲಾಮಗಿರಿ ಎಂದೊಡನೆ ಅಮೆರಿಕದ ಹತ್ತಿಯ ಹೊಲಗಳು ಮಾತ್ರ ನೆನಪಾಗುವುದು ರೂಢಿಯಾದ್ದರಿಂದ, ಅದರ ಒಂದು ಕವಲು ನಮ್ಮ ನೆರೆಯ ಉತ್ತರ ಕನ್ನಡ ಜಿಲ್ಲೆಯವರೆಗೂ ಚಾಚಿದೆ ಎಂಬುದು ಓದುಗರಿಗೆ ಅಪರಿಚಿತವಾಗಿಯೇ ಉಳಿದಿದೆ. 2016ರ ಸೆಪ್ಟೆಂಬರ್ 24ರಂದು ವಾಷಿಂಗ್ಟನ್ನಿನಲ್ಲಿ ಬಾಗಿಲು ತೆರೆದ ಆಫ್ರಿಕನ್ ಅಮೆರಿಕನ್ ಚರಿತ್ರೆ ಮತ್ತು ಸಂಸ್ಕೃತಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಕಬ್ಬಿಣದ ಗಟ್ಟಿಗಳನ್ನು ಇಡಲಾಯಿತು. ಅವು 1794ರ ಡಿಸೆಂಬರಿನಲ್ಲಿ ಕೇಪ್‌ಟೌನ್ ಬಳಿ ಒಡೆದು ಮುಳುಗಿದ ಸಾವೊ ಜೊಸೆ ಎಂಬ ಪೋರ್ಚುಗೀಸ್ ಹಡಗಿನವು. ಮೊಜಾಂಬಿಕ್‌ನಿಂದ ಬ್ರೆಜಿಲ್ಲಿಗೆ ಹೊರಟಿದ್ದ ಆ ಹಡಗಿನಲ್ಲಿ ನಾನೂರಕ್ಕೂ ಹೆಚ್ಚು ಸೆರೆಯಾಳುಗಳಿದ್ದು, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ನೀರುಪಾಲಾದರು. ಸರಕು ತುಂಬಿದ ಹಡಗು ತನ್ನ ಭಾರದಿಂದಲೇ ನೆಟ್ಟಗೆ ನಿಲ್ಲುತ್ತದೆ. ಮನುಷ್ಯರನ್ನು ತುಂಬಿದ ಹಡಗು ಅಷ್ಟು ಭಾರವಾಗುವುದಿಲ್ಲವಾದ್ದರಿಂದ, ಅದು ತೊನೆದು ಮಗುಚದಿರಲೆಂದು ತಳದಲ್ಲಿ ಕಬ್ಬಿಣವನ್ನು ಪೇರಿಸುತ್ತಿದ್ದರು. ಮನುಷ್ಯನನ್ನು ಸರಕಾಗಿ ಲೆಕ್ಕ ಹಾಕಿದ್ದರ ಪುರಾವೆಯಾಗಿ ಇದಕ್ಕಿಂತ ನಿಚ್ಚಳವಾದ ವಸ್ತು ಸಿಗುವುದು ಕಷ್ಟ. ಸಿದ್ದಿಗಳ ಹಿರಿಯರನ್ನು ಗೋವೆಗೆ ತಂದದ್ದೂ ಇದೇ ಮೊಜಾಂಬಿಕ್ ತೀರದಿಂದ. ದಿಕ್ಕು ಮಾತ್ರ ಬೇರೆ.

ಆಫ್ರಿಕಾದಿಂದ ಬಂದವರೆಲ್ಲರ ಪಾಡೂ ಒಂದೇ ಆಗಿರಲಿಲ್ಲವೆಂಬುದನ್ನೂ ಹೇಳಬೇಕು. ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ಬಂದ ಮಲಿಕ್ ಅಂಬರ್ 1626ರಲ್ಲಿ ತೀರಿಕೊಳ್ಳುವವರೆಗೂ ಅಹಮದ್‌ನಗರ ರಾಜ್ಯದ ಸೂತ್ರ ಹಿಡಿದಿದ್ದನು. ಬಿಜಾಪುರದ ಆಸ್ಥಾನದಲ್ಲಿ ಇಖ್ಲಾಸ್ ಖಾನನು ಮುಹಮ್ಮದ್ ಆದಿಲ್ ಶಾಹನ ಪಕ್ಕದಲ್ಲಿಯೇ ಚಿತ್ರಿತನಾಗುವಷ್ಟು ಪ್ರಬಲನಾಗಿದ್ದನು. ಅಂಥವರ ಹೆಸರನ್ನು ಆಸ್ಥಾನದ ಬರಹಗಾರರೂ ಚಿತ್ರಕಾರರೂ ಉಳಿಸಿದರು. ಕಾಡು ಸೇರಿ, ಮುಂದೆ ಅಡಿಕೆ ತೋಟಗಳಲ್ಲಿ ಕೂಲಿ ಮಾಡಿ ಬದುಕಿದವರ ಬಗ್ಗೆ ಬರೆದವರು ವಿರಳ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದೇ 2003ರಲ್ಲಿ.

ಬರೆಯದೆ ಉಳಿದ ಈ ಚರಿತ್ರೆಯನ್ನು ಸಿದ್ದಿ ಹೆಂಗಸರು ಹೊಲಿದಿಟ್ಟಿದ್ದಾರೆ. ಬಯಲುಸೀಮೆಯವರು ಕೌದಿ ಎನ್ನುವ ಹೊದಿಕೆಯನ್ನು ಅವರು ಕವಂದಿ ಎನ್ನುತ್ತಾರೆ. ಹಳೆಯ ಸೀರೆಯನ್ನು ತಳಕ್ಕೆ ಹಾಸಿ, ಸವೆದ ಅಂಗಿ, ಲುಂಗಿ, ಲಂಗಗಳ ತುಂಡುಗಳನ್ನು ಅಂಚಿನಿಂದ ಇಡುತ್ತ, ಸುತ್ತಿಗೊಂದು ಸುತ್ತು ಒಳಸರಿದು ನಡುವಿಗೆ ಬಂದು ಮುಗಿಸುವುದು ಅದರ ಕ್ರಮ. ತುಂಡನ್ನು ಹಿಡಿದಿಡುವ ಹೊಲಿಗೆಯೇ ಪದರಗಳನ್ನೂ ಬೆಸೆಯುವುದರಿಂದ, ಹೊಲಿದವಳ ಕೈ ಎಲ್ಲಿ ಬಿಗಿಯಾಯಿತು, ಎಲ್ಲಿ ಓರೆಯಾಯಿತು ಎಂಬುದು ಇಡೀ ಬಟ್ಟೆಯ ಮೇಲೆ ಸಾಲುಸಾಲಾಗಿ ಕಾಣುತ್ತದೆ. ಕೊನೆಗೆ ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಚಿ ಮುಕ್ಕೋನವಾಗಿ ಕೂರಿಸುತ್ತಾರೆ. ಇದಕ್ಕೆ ಫುಲಾ, ಅಂದರೆ ಹೂವು, ಎಂದು ಹೆಸರು. ಬಳಕೆಗೆ ಬೇಕಿಲ್ಲದಿದ್ದರೂ ಹೂವಿಲ್ಲದ ಕವಂದಿಯನ್ನು ಅವರು ಪೂರ್ಣವೆಂದು ಒಪ್ಪುವುದಿಲ್ಲ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳನ್ನು ಅಧ್ಯಯನ ಮಾಡಿದ ಬಳಿಕ, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ಜನರ ಸಂಸ್ಕೃತಿಯ ಅಧ್ಯಯನಕ್ಕೆಂದೇ ಇರುವ ಶೋಂಬರ್ಗ್ ಕೇಂದ್ರದಲ್ಲಿ ಕವಂದಿಗಳು ಪ್ರದರ್ಶನಗೊಂಡವು. ಆಫ್ರಿಕನ್ ಅಮೆರಿಕನ್ ಹೆಂಗಸರಲ್ಲಿಯೂ ಹಳೆಬಟ್ಟೆಯ ಹೊದಿಕೆ ಹೊಲಿಯುವ ಗಟ್ಟಿ ಪರಂಪರೆಯಿರುವುದರಿಂದ, ಅಲ್ಲಿನ ನೋಡುಗರಿಗೆ ಅವು ಪರಕೀಯವೆನಿಸಿರಲಾರವು.

ಕಲ್ಯಾಣಪುರಕ್ಕೆ ಕೆಲವೇ ಮೈಲಿ ದೂರದ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪರಂಪರೆ ಗ್ರಾಮವಿದೆ. ಕೆಡವಲಿದ್ದ ಮನೆಗಳ ಕಂಬ, ತೊಲೆ, ಬಾಗಿಲುಗಳನ್ನು ತಂದು ಮರುಜೋಡಿಸಿದ ಆ ಸಾಹಸಕ್ಕೆ ನಾಡು ಋಣಿಯಾಗಿರಬೇಕು. ಆದರೆ ಮರುಜೋಡಿಸಲು ತೊಲೆಯಾದರೂ ಇರಬೇಕು. ಒಂದೇ ಮಳೆಗಾಲ ಬಾಳುವ ಸೋಗೆಯ ಮಾಡಿನ ಕೆಳಗೆ ಬದುಕಿದವರ ವಸ್ತುಗಳು ಹಾಗೆ ಕಾದು ಕುಳಿತಿರುವುದಿಲ್ಲ. ಕವಂದಿಯು ಹೊದ್ದು, ಒಗೆದು, ಹರಿದು, ಇನ್ನೊಂದು ಕವಂದಿಯ ಒಡಲಿಗೆ ತುಂಡಾಗಿ ಸೇರುವ ವಸ್ತು. ಅದನ್ನು ಉಳಿಸಲು ದೊಡ್ಡ ಕಟ್ಟಡವೇ ಬೇಕೆಂದಿಲ್ಲ: ಷಿಕಾಗೋದ ಡುಸೇಬಲ್ ವಸ್ತುಸಂಗ್ರಹಾಲಯವನ್ನು ಮಾರ್ಗರೆಟ್ ಬರೋಸ್ ಎಂಬ ಕಪ್ಪು ಶಿಕ್ಷಕಿ 1961ರಲ್ಲಿ ತಮ್ಮ ಮನೆಯಲ್ಲಿಯೇ ಆರಂಭಿಸಿದ್ದರು. ಯಲ್ಲಾಪುರದಲ್ಲಿಯೂ ಅಂಥದೊಂದು ಕೋಣೆ ಬೇಕು. ಅಲ್ಲಿ ಕವಂದಿಗಳ ಜೊತೆಗೆ, ಮರವನ್ನು ಟೊಳ್ಳು ಮಾಡಿ ಎರಡೂ ಬದಿಗೆ ಚರ್ಮ ಬಿಗಿದ ಡಮಾಮಿಯೂ ಇರಬೇಕು, ಅದನ್ನು ಬಾರಿಸಬಲ್ಲವರೂ ಇರಬೇಕು, ಪ್ರತಿ ಹೊದಿಕೆಯ ಕೆಳಗೆ ಅದನ್ನು ಹೊಲಿದವಳ ಹೆಸರೂ ಇರಬೇಕು.