ಫಿಲ್ಮ್ ರೀಲು ಇನ್ನೂ ತಿರುಗುತ್ತಿದೆಯೇ?



ಕ್ಯಾಮೆರಾ ಕುರಿತ ನಮ್ಮ ಮಾತುಕತೆಯಲ್ಲಿ ಒಂದು ಪ್ರಶ್ನೆಗೆ ಸಿಕ್ಕಿದ್ದು ಒಂದೇ ವಾಕ್ಯದ ಉತ್ತರ. ಡಿಜಿಟಲ್ ಕ್ಯಾಮೆರಾ ಕೈಗೆ ಬಂದ ಮೇಲೂ ಛಾಯಾಗ್ರಾಹಕರು ಫಿಲ್ಮ್ ಬಳಸುತ್ತಾರೆಯೇ ಎಂಬುದು ಆ ಪ್ರಶ್ನೆ. ‘ಕೆಲವರು ಬಳಸುತ್ತಾರೆ’ ಎಂದು ಹೇಳಿ ನಾವು ಮುಂದಕ್ಕೆ ಹೋದೆವು. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಅದಕ್ಕಿಂತ ಹೆಚ್ಚು ಹೇಳಲು ವೇಳೆಯೂ ಇರಲಿಲ್ಲ. ಯಾರು ಬಳಸುತ್ತಾರೆ, ಯಾರು ಕೈಬಿಟ್ಟರು, ಕೈಬಿಟ್ಟದ್ದಕ್ಕೆ ವಿಜ್ಞಾನದ ಕಾರಣವೇನು ಎಂಬುದನ್ನು ಈ ಪುಟಗಳಲ್ಲಿ ಬಿಡಿಸಿ ನೋಡೋಣ. ಉದಾಹರಣೆಗಾಗಿ ದೂರ ಹೋಗುವುದು ಬೇಡ. ಹುಬ್ಬಳ್ಳಿಯಿಂದ ದಾವಣಗೆರೆಯತ್ತ ಹೋಗುವ ರೈಲಿನಲ್ಲಿ ಒಂದರ ಹಿಂದೊಂದು ಸಿಗುವ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ನಮಗೆ ಸಾಕು.

ಮೊದಲು ವ್ಯಾಪಾರದ ಮಾತು. ಈ ಊರುಗಳ ಸ್ಟುಡಿಯೋಗಳಲ್ಲಿ ನಿತ್ಯದ ಕೆಲಸಕ್ಕೆ ಫಿಲ್ಮ್ ಇಲ್ಲ. ಪಾಸ್‌ಪೋರ್ಟ್ ಅಳತೆಯ ಫೋಟೋ, ಮದುವೆಯ ಆಲ್ಬಮ್, ಶಾಲೆಯ ಗುಂಪು ಫೋಟೋ ಎಲ್ಲವೂ ಡಿಜಿಟಲ್. ಇದರಲ್ಲಿ ಆಶ್ಚರ್ಯವೇನಿಲ್ಲ. ಒಂದು ರೀಲಿನಲ್ಲಿ ಬರುತ್ತಿದ್ದದ್ದು 36 ಚಿತ್ರ. ಬಣ್ಣದ ರೀಲನ್ನು ತೊಳೆಯಲು ದೊಡ್ಡ ಊರಿನ ಕಲರ್ ಲ್ಯಾಬಿಗೆ ಕಳಿಸಬೇಕು, ಅದು ಬರುವ ತನಕ ಕಾಯಬೇಕು. ಮದುವೆ ಮನೆಯಲ್ಲಿ ಬೀಗರೆಲ್ಲ ಸಾಲಾಗಿ ನಿಂತು ಫೋಟೋ ಕೇಳಿದಾಗ ರೀಲು ಉಳಿಸಲು ಬರಿಯ ಫ್ಲ್ಯಾಶ್ ಹೊಡೆದು ಸಮಾಧಾನ ಮಾಡುತ್ತಿದ್ದ ಛಾಯಾಗ್ರಾಹಕರ ಕಥೆಯನ್ನು ನಿಮ್ಮ ಮನೆಯ ಹಿರಿಯರಲ್ಲಿ ಕೇಳಿ, ನಗುತ್ತಾ ಹೇಳುತ್ತಾರೆ. ತೆಗೆದ ಕೂಡಲೇ ಚಿತ್ರ ಕಾಣುವ, ಸಾವಿರ ಸಲ ಒತ್ತಿದರೂ ಖರ್ಚು ಹೆಚ್ಚದ ಯಂತ್ರ ಬಂದಾಗ ಯಾರು ತಾನೆ ಹಳೆಯದನ್ನು ಹಿಡಿದು ಕೂರುತ್ತಾರೆ?

ಆದರೆ ಎರಡೂ ಕ್ಯಾಮೆರಾಗಳು ಬೆಳಕನ್ನು ಹಿಡಿಯುವ ರೀತಿ ಒಂದೇ ಅಲ್ಲ. ಅಲ್ಲಿಂದಲೇ ನಿಜವಾದ ವಿಷಯ ಶುರುವಾಗುತ್ತದೆ.

ಫಿಲ್ಮ್ ಎಂದರೆ ಪಾರದರ್ಶಕ ಪಟ್ಟಿಯ ಮೇಲೆ ಹಚ್ಚಿದ ಜೆಲಟಿನ್ ಪದರ. ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆಯುವ ಈ ಜೆಲಟಿನ್‌ನಲ್ಲಿ ಬೆಳ್ಳಿಯ ಬ್ರೋಮೈಡ್‌ನ ಅತಿ ಸಣ್ಣ ಹರಳುಗಳು ಹರಡಿರುತ್ತವೆ. ಬೆಳಕು ಬಿದ್ದಾಗ ಹರಳಿನೊಳಗೆ ಎಲೆಕ್ಟ್ರಾನ್ ಬಿಡುಗಡೆಯಾಗಿ, ಕೆಲವೇ ಕೆಲವು ಬೆಳ್ಳಿ ಪರಮಾಣುಗಳ ಒಂದು ಚುಕ್ಕೆ ಹುಟ್ಟುತ್ತದೆ. ಇದು ಕಣ್ಣಿಗೆ ಕಾಣದು. ಇದಕ್ಕೆ ಸುಪ್ತ ಬಿಂಬ ಎಂದು ಹೆಸರು. ಡೆವಲಪರ್ ದ್ರಾವಣದಲ್ಲಿ ಅದ್ದಿದಾಗ ಆ ಚುಕ್ಕೆ ಇರುವ ಹರಳು ಪೂರ್ತಿಯಾಗಿ ಬೆಳ್ಳಿಯಾಗಿ ಬದಲಾಗುತ್ತದೆ. ನಾಲ್ಕಾರು ಪರಮಾಣುಗಳ ಸುಳಿವು ಹಿಡಿದು ಕೋಟ್ಯಂತರ ಪರಮಾಣುಗಳು ಬೆಳ್ಳಿಯಾಗುತ್ತವೆ ಎಂದರೆ ಅದೆಂಥ ವರ್ಧನೆ, ಯೋಚಿಸಿ. ಹೀಗೆ ಬಿಡಿಬಿಡಿಯಾದ ಬೆಳ್ಳಿ ಹೊಳೆಯುವುದಿಲ್ಲ, ಕಪ್ಪಾಗಿ ಕಾಣುತ್ತದೆ. ಬೆಳಕು ಹೆಚ್ಚು ಬಿದ್ದಲ್ಲಿ ಹೆಚ್ಚು ಕಪ್ಪು. ನೆಗೆಟಿವ್ ತಲೆಕೆಳಗಾಗಿ ಕಾಣುವುದು ಇದೇ ಕಾರಣಕ್ಕೆ. ಬೆಳಕು ತಾಗದ ಹರಳುಗಳನ್ನು ‘ಹೈಪೋ’, ಅಂದರೆ ಸೋಡಿಯಂ ಥಯೋಸಲ್ಫೇಟ್, ಕರಗಿಸಿ ತೆಗೆಯುತ್ತದೆ. ಹೈಪೋ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆಂದು ಜಾನ್ ಹರ್ಷೆಲ್ ಎಂಬ ವಿಜ್ಞಾನಿ 1819ರಲ್ಲೇ ಕಂಡುಕೊಂಡಿದ್ದರು. ಆಗ ಫೋಟೋಗ್ರಫಿಯೇ ಇರಲಿಲ್ಲ!

ಡಿಜಿಟಲ್ ಕ್ಯಾಮೆರಾದಲ್ಲಿ ಬೆಳ್ಳಿಯ ಜಾಗದಲ್ಲಿ ಸಿಲಿಕಾನ್ ಇದೆ. ಸಂವೇದಕದ ಮೇಲಿನ ಲಕ್ಷಾಂತರ ಪುಟ್ಟ ಕೋಶಗಳನ್ನು ಮಳೆಗಿಟ್ಟ ಬಟ್ಟಲುಗಳೆಂದು ಭಾವಿಸಿ. ಬೆಳಕು ಬಿದ್ದಂತೆ ಅವುಗಳಲ್ಲಿ ಎಲೆಕ್ಟ್ರಾನುಗಳು ತುಂಬುತ್ತವೆ, ಆಮೇಲೆ ಯಂತ್ರ ಅವನ್ನು ಅಳೆದು ಅಂಕಿಯಾಗಿಸುತ್ತದೆ. ಫಿಲ್ಮ್ ತಯಾರಿಕೆಯಲ್ಲೇ ಹೆಸರಾಗಿದ್ದ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವ್ ಸ್ಯಾಸನ್ 1975ರಲ್ಲಿ ಇಂಥ ಮೊದಲ ಕ್ಯಾಮೆರಾ ಮಾಡಿದರು. ಅದರಲ್ಲಿ ಇದ್ದದ್ದು 100 ಸಾಲು, ಸಾಲಿಗೆ 100 ಕೋಶ. ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಇಳಿಸಲು 23 ಸೆಕೆಂಡ್ ಬೇಕಾಗುತ್ತಿತ್ತು.

ಬಟ್ಟಲು ತುಂಬಿದ ಮೇಲೆ ಏನಾಗುತ್ತದೆ? ಮುಂದೆ ಬಿದ್ದ ಬೆಳಕಿಗೆ ಲೆಕ್ಕವೇ ಇಲ್ಲ. ಈ ಒಂದು ಮಾತನ್ನು ನೆನಪಿಟ್ಟುಕೊಂಡು ಬ್ಯಾಡಗಿಗೆ ಬನ್ನಿ.

2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರುವಾಸಿ. ಅದರ ಇನ್ನೊಂದು ಗುರುತು ಸುಕ್ಕುಗಟ್ಟಿದ ಸಿಪ್ಪೆ. ಸುಗ್ಗಿಯಲ್ಲಿ ಒಣಹಾಕಿದ ಕಾಯಿಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದು ನೋಡಿ. ನೆಲ, ಚೀಲ, ಜನ ಎಲ್ಲ ಸರಿಯಾಗಿಯೇ ಬರುತ್ತಾರೆ, ಮೆಣಸಿನಕಾಯಿ ಮಾತ್ರ ಎಷ್ಟೋ ಸಲ ಕೆಂಪು ಬಣ್ಣ ಬಳಿದ ಗೋಡೆಯಂತೆ ಕಾಣುತ್ತದೆ. ಸುಕ್ಕು ಮಾಯ! ಕಾಯಿಯ ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯ ನೀಲಿ, ಹಸಿರು ಬೆಳಕನ್ನು ನುಂಗಿ ಕೆಂಪನ್ನು ಮಾತ್ರ ಹೊರಗೆ ಬಿಡುತ್ತದೆ. ಆದ್ದರಿಂದ ಸಂವೇದಕದ ಕೆಂಪು ಕೋಶಗಳು ಬೇಗ ತುಂಬಿ ತುಳುಕುತ್ತವೆ, ಉಳಿದವು ಅರೆಖಾಲಿ. ಒಟ್ಟು ಬೆಳಕನ್ನು ಅಳೆಯುವ ಕ್ಯಾಮೆರಾ ಎಲ್ಲ ಸರಿಯಿದೆ ಎಂದೇ ತಿಳಿಯುತ್ತದೆ. ಸಾಲದ್ದಕ್ಕೆ, ಸಾಮಾನ್ಯ ಸಂವೇದಕದಲ್ಲಿ ಅರ್ಧ ಕೋಶಗಳು ಹಸಿರಿಗೆ, ಕಾಲು ಭಾಗ ನೀಲಿಗೆ, ಕಾಲು ಭಾಗ ಮಾತ್ರ ಕೆಂಪಿಗೆ ಮೀಸಲು. ಈ ಹಂಚಿಕೆಯನ್ನು ರೂಪಿಸಿದವರು ಕೊಡಾಕ್‌ನವರೇ ಆದ ಬ್ರೈಸ್ ಬೇಯರ್. ಬರೀ ಕೆಂಪು ವಸ್ತುವಿನ ಸೂಕ್ಷ್ಮ ವಿವರ ಹಿಡಿಯುವ ಹೊರೆಯೆಲ್ಲ ಆ ಕಾಲು ಭಾಗದ ಮೇಲೆ ಬೀಳುತ್ತದೆ.

ಬಣ್ಣದ ನೆಗೆಟಿವ್ ಫಿಲ್ಮ್ ಇಲ್ಲಿ ಸ್ವಲ್ಪ ಉದಾರಿ. ದೊಡ್ಡ ಹರಳುಗಳು ಬೇಗ ಬೆಳಕಿಗೆ ಓಗೊಡುತ್ತವೆ, ಸಣ್ಣವು ತಡವಾಗಿ. ಬೆಳಕು ಹೆಚ್ಚಾದಂತೆ ಚಿತ್ರ ನಿಧಾನವಾಗಿ ಗಟ್ಟಿಯಾಗುತ್ತದೆಯೇ ಹೊರತು ಒಮ್ಮೆಗೇ ಗೋಡೆಗೆ ಬಡಿಯುವುದಿಲ್ಲ. ಹಾಗೆಂದು ಮೆಣಸಿನಕಾಯಿ ಫೋಟೋಕ್ಕೆ ಫಿಲ್ಮೇ ಬೇಕೆಂದೇನೂ ಅಲ್ಲ. ಮೊಬೈಲಿನಲ್ಲಿ ಬೆಳಕನ್ನು ಒಂದೆರಡು ಹಂತ ತಗ್ಗಿಸಿ, ಬಿಸಿಲು ಓರೆಯಾಗಿರುವ ಬೆಳಗಿನ ಹೊತ್ತು ತೆಗೆಯಿರಿ, ಸುಕ್ಕು ಮರಳಿ ಬರುತ್ತದೆ. ಹಳೆಯ ಕಪ್ಪು ಬಿಳುಪಿನಲ್ಲಿ ಇನ್ನೊಂದು ಚೋದ್ಯವಿತ್ತು. ಆರ್ಥೋಕ್ರೋಮ್ಯಾಟಿಕ್ ಎಂಬ ಬಗೆಯ ಫಿಲ್ಮಿಗೆ ಕೆಂಪು ಕಾಣುವುದೇ ಇಲ್ಲ, ಅದರಲ್ಲಿ ಮೆಣಸಿನಕಾಯಿ ಇದ್ದಿಲಿನಂತೆ ಕಪ್ಪು. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಯಾಂಕ್ರೋಮ್ಯಾಟಿಕ್ ಫಿಲ್ಮ್ ಹಾಕಿ, ಮಸೂರದ ಮುಂದೆ ಕೆಂಪು ಗಾಜು ಇಟ್ಟರೆ ಅದೇ ಕಾಯಿ ಬೆಳ್ಳಗೆ! ಡಾರ್ಕ್ ರೂಮಿನಲ್ಲಿ ಕೆಂಪು ದೀಪ ಉರಿಸುತ್ತಿದ್ದುದೂ ಕಪ್ಪು ಬಿಳುಪಿನ ಪ್ರಿಂಟ್ ಕಾಗದಕ್ಕೆ ಕೆಂಪು ಕಾಣದೆಂಬ ಧೈರ್ಯದ ಮೇಲೆ.

ರಾಣೆಬೆನ್ನೂರಿಗೆ ಬಂದರೆ ತಕ್ಕಡಿ ಪೂರ್ತಿ ಡಿಜಿಟಲ್ ಕಡೆಗೇ ವಾಲುತ್ತದೆ. ಇಲ್ಲಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾದದ್ದು, ವಿಸ್ತೀರ್ಣ 119 ಚದರ ಕಿಲೋಮೀಟರ್. ಗಂಡು ಕೃಷ್ಣಮೃಗ ಗಂಟೆಗೆ 72 ಕಿ.ಮೀ. ವೇಗದಲ್ಲಿ ಓಡುತ್ತಿದೆ ಎಂದಿಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ 20 ಮೀಟರ್. ಹೆಸರಾಂತ ಕೊಡಾಕ್ರೋಮ್ ಸ್ಲೈಡ್ ಫಿಲ್ಮಿನ ಸಂವೇದನೆ 64. ಮುಂಜಾನೆಯ ಮಂದ ಬೆಳಕಿನಲ್ಲಿ ಅದಕ್ಕೆ ಸೆಕೆಂಡಿನ 20ರಲ್ಲಿ ಒಂದು ಭಾಗ ಬೆಳಕು ಬೇಕಾಯಿತು ಎನ್ನೋಣ. ಅಷ್ಟರಲ್ಲಿ ಮೃಗ ಒಂದು ಮೀಟರ್ ಮುಂದೆ ಹೋಗಿರುತ್ತದೆ, ಚಿತ್ರದಲ್ಲಿ ಉಳಿಯುವುದು ಬರೀ ಗೀರು. ಇಂದಿನ ಡಿಜಿಟಲ್ ಕ್ಯಾಮೆರಾವನ್ನು 3200ಕ್ಕೆ ಇಟ್ಟರೆ ಸಂವೇದನೆ 50 ಪಟ್ಟು ಹೆಚ್ಚು. ಸಾವಿರದಲ್ಲಿ ಒಂದು ಭಾಗ ಸೆಕೆಂಡ್ ಸಾಕು, ಆ ಹೊತ್ತಿನಲ್ಲಿ ಮೃಗ ಸರಿಯುವುದು ಎರಡೇ ಸೆಂಟಿಮೀಟರ್. ಇದರ ಮೇಲೆ ಗಂಡಿನ ಬೆನ್ನು ಕಡುಗಪ್ಪು, ಹೊಟ್ಟೆ ಅಚ್ಚ ಬಿಳುಪು. ಸ್ಲೈಡ್ ಫಿಲ್ಮಿಗೆ ಎರಡನ್ನೂ ಒಟ್ಟಿಗೆ ಹಿಡಿಯುವುದು ಬಲು ಕಷ್ಟ. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರಂಥವರು ಫಿಲ್ಮ್ ಕಾಲದಲ್ಲಿ ತೆಗೆದ ವನ್ಯಜೀವಿ ಚಿತ್ರಗಳನ್ನು ನೋಡುವಾಗ ಈ ಲೆಕ್ಕ ನೆನಪಿರಲಿ. ಅವರ ತಾಳ್ಮೆಗೆ ಬೆಲೆ ಕಟ್ಟಲಾಗದು.

ಹಾಗಾದರೆ ಈಗಲೂ ಫಿಲ್ಮ್ ಹಿಡಿದವರು ಯಾರು? ನಮ್ಮ ದೇಶದಲ್ಲೇ ಫಿಲ್ಮ್ ತಯಾರಾಗುತ್ತಿತ್ತು ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತಿರಲಾರದು. 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ‘ಇಂದು’ ಹೆಸರಿನಲ್ಲಿ ಫಿಲ್ಮ್ ಮಾರುತ್ತಿತ್ತು. ಅದು ಈಗ ಮುಚ್ಚಿದೆ. ಕೊಡಾಕ್ರೋಮ್ 2009ರಲ್ಲಿ ನಿಂತಿತು, 2012ರಲ್ಲಿ ಕೊಡಾಕ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಕಥೆ ಅಲ್ಲಿಗೆ ಮುಗಿಯಿತೆಂದು ಎಲ್ಲರೂ ಭಾವಿಸಿದ್ದರು. ಆದರೆ 2012ರಲ್ಲಿ ನಿಲ್ಲಿಸಿದ್ದ ಎಕ್ಟಾಕ್ರೋಮ್ ಸ್ಲೈಡ್ ಫಿಲ್ಮನ್ನು ಕೊಡಾಕ್ 2018ರಲ್ಲಿ ಮತ್ತೆ ತಂದಿತು. 2023ರ ‘ಓಪನ್‌ಹೈಮರ್’ ಚಲನಚಿತ್ರವನ್ನು ತೆಗೆದದ್ದು ಫಿಲ್ಮಿನಲ್ಲೇ, ಅದರ ಕಪ್ಪು ಬಿಳುಪು ಭಾಗಗಳಿಗಾಗಿ 65 ಮಿಲಿಮೀಟರ್ ಅಗಲದ ಫಿಲ್ಮನ್ನು ಹೊಸದಾಗಿಯೇ ಮಾಡಿಸಿದರು. 2024ರಲ್ಲಿ ಪೆಂಟಾಕ್ಸ್ ಹೊಸ ಫಿಲ್ಮ್ ಕ್ಯಾಮೆರಾವೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ನಮ್ಮಲ್ಲೂ ದೊಡ್ಡ ನಗರಗಳಲ್ಲಿ ಹವ್ಯಾಸಿಗಳು, ಕಲಾವಿದರು, ನಿಮ್ಮ ವಯಸ್ಸಿನ ಹುಡುಗ ಹುಡುಗಿಯರೂ ಅಜ್ಜನ ಪೆಟ್ಟಿಗೆಯ ಯಾಶಿಕಾವನ್ನೋ ಆಗ್ಫಾ ಕ್ಲಿಕ್ ತ್ರೀಯನ್ನೋ ಒರೆಸಿ ರೀಲು ಹಾಕುತ್ತಿದ್ದಾರೆ. ಒಂದು ರೀಲಿಗೆ ನೂರಾರು ರೂಪಾಯಿ, ತೊಳೆಸಲು ಮತ್ತಷ್ಟು. ಹಣ್ಣುಬೆಲೆಯ ಈ ಹವ್ಯಾಸವನ್ನು ಬಡ ವಿದ್ಯಾರ್ಥಿಗೆ ನಾನು ಶಿಫಾರಸು ಮಾಡಲಾರೆ. ಆದರೆ 36 ಸಲ ಮಾತ್ರ ಒತ್ತಬಹುದು ಎಂದಾಗ ಕಣ್ಣು ಹೆಚ್ಚು ಎಚ್ಚರವಾಗುತ್ತದೆ ಎಂದು ಅವರು ಹೇಳುವುದನ್ನು ನಂಬುತ್ತೇನೆ. ಹಾವೇರಿಯ ಸಿದ್ಧೇಶ್ವರ ದೇವಾಲಯ ಬಹುಪಾಲು ಗುಡಿಗಳಂತೆ ಪೂರ್ವಕ್ಕಲ್ಲ, ಪಶ್ಚಿಮಕ್ಕೆ ಮುಖ ಮಾಡಿದೆ. ಮುಂಭಾಗಕ್ಕೆ ನೇರ ಬಿಸಿಲು ಬೀಳುವುದು ಮಧ್ಯಾಹ್ನ ಇಳಿದ ಮೇಲೆ. ರೀಲಿನ ಕಾಲದವನು ಇದನ್ನು ಮೊದಲೇ ವಿಚಾರಿಸಿಕೊಂಡು ಹೋಗುತ್ತಿದ್ದ.

ಈಗ ನನಗೆ ಮುಖ್ಯವೆನಿಸುವ ವಿಷಯ. ಫಿಲ್ಮಿನಲ್ಲಿ ಫೋಟೋ ತೆಗೆಯುವುದು ನಿಂತರೂ ತೆಗೆದ ಫಿಲ್ಮ್ ಎಲ್ಲಿಗೂ ಹೋಗಿಲ್ಲ. ಹಳೆಯ ಸ್ಟುಡಿಯೋಗಳ ಅಟ್ಟದಲ್ಲಿ, ನಂಬರು ಬರೆದ ಲಕೋಟೆಗಳಲ್ಲಿ ನೆಗೆಟಿವ್‌ಗಳು ಕೂತಿವೆ. ಹಳ್ಳಿಯ ಎಷ್ಟೋ ಹಿರಿಯರು ಬದುಕಿನಲ್ಲಿ ತೆಗೆಸಿದ್ದು ಒಂದೋ ಎರಡೋ ಫೋಟೋ. ಮನೆಯ ಗೋಡೆಯ ಮೇಲಿನ ಪ್ರಿಂಟ್ ಸೋರಿದ ಮಳೆಗೆ ಹಾಳಾಗಿದ್ದರೆ ಆ ಮುಖ ಉಳಿದಿರುವುದು ಲಕೋಟೆಯಲ್ಲಿ ಮಾತ್ರ. ಮಕ್ಕಳು ಬೇರೆ ಉದ್ಯೋಗ ಹಿಡಿದು ಸ್ಟುಡಿಯೋ ಮುಚ್ಚಿದಾಗ ಈ ಕಟ್ಟುಗಳು ಗುಜರಿಗೆ ಹೋಗುತ್ತವೆ. ಕಪ್ಪು ಬಿಳುಪು ನೆಗೆಟಿವ್‌ನಲ್ಲಿ ಬೆಳ್ಳಿ ಇರುವುದೇ ಅದಕ್ಕೆ ಮುಳುವು, ಅದನ್ನು ಬೇರ್ಪಡಿಸಿ ಮಾರುವವರಿದ್ದಾರೆ.

ವಿಚಿತ್ರವೆಂದರೆ ಉಳಿಯುವ ಶಕ್ತಿಯೂ ಅದೇ ಬೆಳ್ಳಿಯಿಂದಲೇ. ಬಣ್ಣದ ಫಿಲ್ಮನ್ನು ತೊಳೆಯುವಾಗ ಬೆಳ್ಳಿಯನ್ನೆಲ್ಲ ತೆಗೆದುಬಿಡುತ್ತಾರೆ, ಉಳಿಯುವುದು ಬಣ್ಣಗಳಷ್ಟೇ. ಅವು ವರ್ಷ ಕಳೆದಂತೆ ಮಾಸುತ್ತವೆ. ಅಜ್ಜನ ಮದುವೆಯ ಕಪ್ಪು ಬಿಳುಪು ಫೋಟೋ ಇನ್ನೂ ಗಟ್ಟಿಯಾಗಿದ್ದು, ಅದಕ್ಕಿಂತ ಈಚಿನ ಅಪ್ಪನ ಮದುವೆಯ ಬಣ್ಣದ ಫೋಟೋ ಕೆಂಪಡರಿರುವುದನ್ನು ನೀವೇ ನೋಡಿರಬಹುದು. ನಮ್ಮ ದೂರದರ್ಶನದ ವೃತ್ತಿಯಲ್ಲೂ ಈ ಪಾಡು ಇದೆ. ಯೂಮ್ಯಾಟಿಕ್, ಬೀಟಾಕ್ಯಾಮ್ ಟೇಪುಗಳನ್ನು ಓಡಿಸುವ ಯಂತ್ರಗಳ ತಯಾರಿಕೆಯೇ ನಿಂತಿದೆ. ಟೇಪು ಚೆನ್ನಾಗಿದ್ದರೂ ಯಂತ್ರವಿಲ್ಲದೆ ಅದು ಬರೀ ಪ್ಲಾಸ್ಟಿಕ್. ನೆಗೆಟಿವ್ ನೋಡಲು ಕಿಟಕಿಯ ಬೆಳಕು ಸಾಕು. ಮೊಬೈಲ್ ಕೆಟ್ಟ ದಿನ ಅದರೊಳಗಿನ ಸಾವಿರ ಫೋಟೋ ಏನಾಗುತ್ತವೆ ಎಂಬುದನ್ನು ನಿಮ್ಮ ಊಹೆಗೇ ಬಿಡುತ್ತೇನೆ.

ಮನೆಯಲ್ಲಿ ನೆಗೆಟಿವ್ ಸಿಕ್ಕರೆ ಹೀಗೆ ಮಾಡಿ. ಪಟ್ಟಿಯನ್ನು ಅಂಚಿನಲ್ಲೇ ಹಿಡಿಯಿರಿ. ಧೂಳನ್ನು ಮೆತ್ತನೆಯ ಕುಂಚದಿಂದ ಸರಿಸಿ, ಒದ್ದೆ ಬಟ್ಟೆ ತಾಗಿಸಬೇಡಿ, ಜೆಲಟಿನ್ ಮೆತ್ತಗಾಗಿ ಚಿತ್ರವೇ ಎದ್ದು ಬರಬಹುದು. ಒಂದು ಮೊಬೈಲ್ ಅಥವಾ ಕಂಪ್ಯೂಟರ್ ಪರದೆಯನ್ನು ಪೂರ್ತಿ ಬಿಳಿಯಾಗಿಸಿ, ಅದರಿಂದ ಒಂದೆರಡು ಸೆಂಟಿಮೀಟರ್ ಮೇಲೆ ನೆಗೆಟಿವ್ ನಿಲ್ಲಿಸಿ. ತೀರ ಹತ್ತಿರವಿಟ್ಟರೆ ಪರದೆಯ ಚುಕ್ಕೆಗಳೂ ಚಿತ್ರದಲ್ಲಿ ಬರುತ್ತವೆ. ಹೊಳೆಯುವ ಮೈ ನಿಮ್ಮ ಕಡೆಗಿರಲಿ, ಇಲ್ಲವಾದರೆ ಎಡಬಲ ಅದಲುಬದಲಾಗುತ್ತದೆ. ಇನ್ನೊಂದು ಮೊಬೈಲಿನಿಂದ ನೇರ ಮೇಲಿಂದ ಫೋಟೋ ತೆಗೆದು, ಚಿತ್ರ ತಿದ್ದುವ ಆ್ಯಪ್‌ನಲ್ಲಿ ‘ಇನ್ವರ್ಟ್’ ಒತ್ತಿ. ಬಣ್ಣದ ನೆಗೆಟಿವ್ ಆದರೆ ಅದರ ಕಿತ್ತಳೆ ಛಾಯೆಯಿಂದಾಗಿ ಚಿತ್ರ ನೀಲಿಗಟ್ಟುತ್ತದೆ, ಬಣ್ಣವನ್ನು ಸ್ವಲ್ಪ ಸರಿಪಡಿಸಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ಪಟ್ಟಿಯನ್ನು ಪ್ಲಾಸ್ಟಿಕ್ ಚೀಲಕ್ಕಲ್ಲ, ಒಣಗಿದ ಕಾಗದದ ಲಕೋಟೆಗೆ ಹಾಕಿ, ಯಾರ ಫೋಟೋ, ಯಾವ ಊರು, ಯಾವ ವರ್ಷ ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡಿ.