ಗಿಣ್ಣು ಹಾಲು ಮೊದಲು ಕರುವಿಗೆ



ಮನೆಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದರೆ ನಾವು ಎಷ್ಟೆಲ್ಲಾ ಸಿದ್ಧತೆ ಮಾಡಿಕೊಳ್ಳುತ್ತೇವೆ! ಬೆಚ್ಚನೆಯ ಕೋಣೆ, ಮೆತ್ತನೆಯ ಹಳೆ ಸೀರೆ, ಬಾಣಂತಿ ಊಟದ ಸಾಮಾನು ಎಲ್ಲವೂ ಮುಂಚಿತವಾಗಿಯೇ ಒದಗುತ್ತವೆ. ಕೊಟ್ಟಿಗೆಯಲ್ಲಿರುವ ಗಬ್ಬದ ಹಸುವಿಗೂ ಇಂತಹ ಆರೈಕೆ ಅಗತ್ಯ.

ಕರು ಹಾಕುವ ಮುನ್ನ

ಹಸುವಿನ ಗರ್ಭಾವಧಿ ಸುಮಾರು 280 ದಿನ, ಎಮ್ಮೆಯದು ಸುಮಾರು 310 ದಿನ. ಕೃತಕ ಗರ್ಭಧಾರಣೆ ಮಾಡಿಸಿದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಕೊನೆಯ ಎರಡು ತಿಂಗಳು ಹಾಲು ಬತ್ತಿಸಬೇಕು. ಹೊಟ್ಟೆಯಲ್ಲಿರುವ ಕರು ಹೆಚ್ಚು ಬೆಳೆಯುವುದು ಈ ಅವಧಿಯಲ್ಲೇ. ಕೆಚ್ಚಲಿಗೂ ವಿಶ್ರಾಂತಿ ಬೇಕು. ಹಾಲು ಕೊಡುತ್ತಿಲ್ಲವೆಂದು ಮೇವು ಕಡಿಮೆ ಮಾಡಬೇಡಿ. ಹಸಿರು ಮೇವಿನ ಜೊತೆಗೆ ದಿನಕ್ಕೆ ಒಂದೂವರೆಯಿಂದ ಎರಡು ಕಿಲೋ ಪಶು ಆಹಾರ ಕೊಡಿ.

ದಿನ ಹತ್ತಿರವಾದಂತೆ ಹಸುವನ್ನು ಬೇರೆಯಾಗಿ, ಒಣ ಹುಲ್ಲು ಹಾಸಿದ, ಜಾರದ ಜಾಗದಲ್ಲಿ ಕಟ್ಟಿ. ನೀರಿನ ಚೀಲ ಒಡೆದ ಮೇಲೆ ಮುಂಗಾಲಿನ ಎರಡು ಗೊರಸು, ಅವುಗಳ ಮೇಲೆ ಮೂತಿ ಕಾಣಿಸಿದರೆ ಹೆರಿಗೆ ಸರಿಯಾಗಿ ಸಾಗುತ್ತಿದೆ ಎಂದು ತಿಳಿಯಿರಿ. ಒಂದೆರಡು ಗಂಟೆಯಾದರೂ ಮುಂದುವರಿಯದಿದ್ದರೆ ಎಳೆದಾಡದೆ ಪಶುವೈದ್ಯರನ್ನು ಕರೆಸಿ. ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ಸೇವೆಯ ಉಚಿತ ದೂರವಾಣಿ ಸಂಖ್ಯೆ 1962.

ಮೊದಲ ಒಂದು ಗಂಟೆ

ಕರು ಬಿದ್ದ ಕೂಡಲೇ ಮೂಗು, ಬಾಯಿಯ ಲೋಳೆ ತೆಗೆದು, ತಾಯಿ ನೆಕ್ಕಲು ಬಿಡಿ. ಹೊಕ್ಕುಳ ಬಳ್ಳಿಯನ್ನು ಹೊಟ್ಟೆಯಿಂದ ಎರಡು ಅಂಗುಲ ಬಿಟ್ಟು ಶುದ್ಧ ದಾರದಿಂದ ಕಟ್ಟಿ, ಕೆಳಭಾಗವನ್ನು ಹೊಸ ಬ್ಲೇಡಿನಿಂದ ಕತ್ತರಿಸಿ, ಟಿಂಕ್ಚರ್ ಅಯೋಡಿನ್ ಹಚ್ಚಿ. ಎರಡು ಮೂರು ದಿನ ಇದನ್ನೇ ಮುಂದುವರಿಸಿ.

ಇನ್ನು ಗಿಣ್ಣು ಹಾಲಿನ ವಿಚಾರ. "ಮಾಸು ಬೀಳಲಿ, ಆಮೇಲೆ ಕುಡಿಸೋಣ" ಎಂದು ಕಾಯುವ ರೂಢಿ ಹಲವು ಮನೆಗಳಲ್ಲಿದೆ. ಇದು ತಪ್ಪು. ಮನುಷ್ಯರ ಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ಒಂದಷ್ಟು ರೋಗನಿರೋಧಕ ಶಕ್ತಿಯನ್ನು ಪಡೆದು ಹುಟ್ಟುತ್ತದೆ. ಕರುವಿಗೆ ಆ ಭಾಗ್ಯವಿಲ್ಲ. ಅದಕ್ಕೆ ಆ ಶಕ್ತಿ ಸಿಗುವುದು ಗಿಣ್ಣಿನಿಂದ ಮಾತ್ರ. ಕರುವಿನ ಕರುಳು ಆ ಶಕ್ತಿಯನ್ನು ಹೀರಿಕೊಳ್ಳುವುದು ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು. 24 ಗಂಟೆ ಕಳೆಯುವಷ್ಟರಲ್ಲಿ ಅದು ನಿಂತೇ ಹೋಗುತ್ತದೆ. ಮರುದಿನ ಎಷ್ಟು ಕುಡಿಸಿದರೂ ಆ ನಷ್ಟ ತುಂಬುವುದಿಲ್ಲ. ಭೇದಿ, ನ್ಯುಮೋನಿಯಾಗಳಿಗೆ ಇಂತಹ ಕರುಗಳೇ ಸುಲಭವಾಗಿ ಬಲಿಯಾಗುತ್ತವೆ.

ಆದ್ದರಿಂದ ಕೆಚ್ಚಲನ್ನು ತೊಳೆದು, ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣು ಕುಡಿಸಿ. 25 ಕಿಲೋ ತೂಕದ ಕರುವಿಗೆ ಮೊದಲ ದಿನ ಕನಿಷ್ಠ ಎರಡೂವರೆ ಲೀಟರ್ ಬೇಕು. ಕರು ಹೆಣ್ಣಾಗಲಿ, ಗಂಡಾಗಲಿ ಅಳತೆ ಒಂದೇ. ಕರು ಮೊಲೆ ಚೀಪಿದಾಗ ತಾಯಿಯ ಗರ್ಭಕೋಶ ಕುಗ್ಗಿ, ಮಾಸು ಬೀಳಲು ಸಹಾಯವೇ ಆಗುತ್ತದೆ.

ಮಾಸು ಸಾಮಾನ್ಯವಾಗಿ 8ರಿಂದ 12 ಗಂಟೆಯೊಳಗೆ ಬೀಳುತ್ತದೆ. ಬೀಳದಿದ್ದರೆ ಎಳೆಯುವುದಾಗಲಿ, ಭಾರ ಕಟ್ಟುವುದಾಗಲಿ ಬೇಡ, ವೈದ್ಯರಿಗೆ ತಿಳಿಸಿ. ಬಿದ್ದ ಮಾಸನ್ನು ಬರಿಗೈಯಲ್ಲಿ ಮುಟ್ಟದೆ ಸುಣ್ಣ ಹಾಕಿ ಆಳವಾಗಿ ಹೂಳಿ. ಹಸುವಿಗೆ ಕಂದು ರೋಗವಿದ್ದರೆ ಅದು ಮನುಷ್ಯರಿಗೂ ತಗಲುತ್ತದೆ.

ನೆನಪಿರಲಿ

ಕರು ಹಾಕಿದ ಮೊದಲ ಐದು ದಿನಗಳ ಹಾಲನ್ನು ಸಂಘಕ್ಕೆ ಹಾಕಬೇಡಿ. ಗಿಣ್ಣು ಕಾಯಿಸಿದರೆ ಗಟ್ಟಿಯಾಗುತ್ತದೆ. ಒಬ್ಬರ ಗಿಣ್ಣಿನಿಂದ ಇಡೀ ಕ್ಯಾನಿನ ಹಾಲು ಕೆಡಬಹುದು. ಹತ್ತನೇ ದಿನದ ಸುಮಾರಿಗೆ ವೈದ್ಯರ ಸಲಹೆಯಂತೆ ಜಂತುನಾಶಕ ಕುಡಿಸಿ. ಹೆಣ್ಣು ಕರುವಿಗೆ 4ರಿಂದ 8 ತಿಂಗಳೊಳಗೆ ಕಂದು ರೋಗದ ಲಸಿಕೆಯನ್ನು ತಪ್ಪದೇ ಹಾಕಿಸಿ.

ಗಿಣ್ಣು ಎಲ್ಲರಿಗೂ ಇಷ್ಟ. ಅಕ್ಕಪಕ್ಕದ ಮನೆಗೆ ಹಂಚುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅದು ನಡೆಯಲಿ, ಆದರೆ ಕರುವಿನ ಹೊಟ್ಟೆ ತುಂಬಿದ ಮೇಲೆ. ಈ ದಿನ ನೀವು ಕುಡಿಸುವ ಎರಡೂವರೆ ಲೀಟರ್ ಗಿಣ್ಣೇ ಮೂರು ವರ್ಷದ ನಂತರ ನಿಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಹಸುವಾಗಿ ನಿಲ್ಲುತ್ತದೆ.